516210 ಎಂಬ ಒಂದೇ ಸಂಖ್ಯೆ: ಉದ್ಯಮಗಳನ್ನು ವಿಂಗಡಿಸುವವರಿಗೆ ಒಂದು ಬಹಿರಂಗ ಪತ್ರ

ವಿಶ್ವಸಂಸ್ಥೆಯ ಅಂಕಿಅಂಶ ಆಯೋಗದ ಸದಸ್ಯರಿಗೆ, ಹಾಗೂ ಬೇರೆ ಬೇರೆ ದೇಶಗಳ ಅಂಕಿಅಂಶ ಕಚೇರಿಗಳಲ್ಲಿ ಉದ್ಯಮಗಳ ವರ್ಗೀಕರಣ ಸಿದ್ಧಪಡಿಸುವ ಅಧಿಕಾರಿಗಳಿಗೆ,

ಮಾನ್ಯರೇ,

ಲೆಕ್ಕಪತ್ರ ನೋಡಿಕೊಳ್ಳುವ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಸಣ್ಣ ವ್ಯವಹಾರ ಆರಂಭಿಸುವವರು ನೋಂದಣಿಗೆ, ಸಾಲಕ್ಕೆ, ತೆರಿಗೆಗೆ ನಮ್ಮಲ್ಲಿಗೆ ಬರುತ್ತಾರೆ. ಅವರ ಅರ್ಜಿ ತುಂಬಿಕೊಡುವುದು ನನ್ನ ಕೆಲಸ. ಆ ಅರ್ಜಿಗಳಲ್ಲೆಲ್ಲ 'ಮುಖ್ಯ ಚಟುವಟಿಕೆ' ಎಂಬ ಸಣ್ಣ ಅಂಕಣವೊಂದು ಇರುತ್ತದೆ. ಹೆಸರು, ವಿಳಾಸ, ಬಂಡವಾಳ ಎಲ್ಲವನ್ನೂ ಅರ್ಜಿದಾರರೇ ಪಟಪಟನೆ ಹೇಳುತ್ತಾರೆ. ಆ ಅಂಕಣಕ್ಕೆ ಬಂದಾಗ ಮಾತ್ರ ನನ್ನ ಮುಖ ನೋಡುತ್ತಾರೆ. ಅಲ್ಲಿ ತುಂಬಬೇಕಾದ ಸಂಖ್ಯೆ ನೀವು ಕೊಟ್ಟದ್ದು. ಅದಕ್ಕೇ ಈ ಪತ್ರವನ್ನು ನಿಮಗೆ ಬರೆಯುತ್ತಿದ್ದೇನೆ. ತಲೆಬರಹದ 516210 ಎನ್ನುವುದು, ಅಂತರಜಾಲದಲ್ಲಿ ಸಿನಿಮಾ ಹರಿಸುವ (ಸ್ಟ್ರೀಮಿಂಗ್) ಸಂಸ್ಥೆಗಳಿಗೂ ಸಾಮಾಜಿಕ ಜಾಲತಾಣಗಳಿಗೂ ಉತ್ತರ ಅಮೆರಿಕದ ಪಟ್ಟಿಯಲ್ಲಿ ಒಟ್ಟಿಗೆ ಕೊಟ್ಟಿರುವ ಸಂಖ್ಯೆ; ನನ್ನ ತಕರಾರು ಅದರ ಸುತ್ತ.

ಕೆಲವು ತಿಂಗಳ ಹಿಂದೆ ಒಬ್ಬ ಮಹಿಳೆ ಬಂದಿದ್ದರು. ಕಿವಿ ಕೇಳದ ಮಕ್ಕಳಿಗೂ ಅವರ ತಂದೆತಾಯಿಗೂ ಸಂಜ್ಞಾಭಾಷೆ ಕಲಿಸುವ ವಿಡಿಯೊಗಳನ್ನು ಅವರು ಮಾಡುತ್ತಾರೆ. ತಮ್ಮ ಕೆಲಸಕ್ಕೆ ನಿಶ್ಶಬ್ದವಾದ ಕೋಣೆ ಬೇಕಿಲ್ಲ, ಒಳ್ಳೆಯ ಬೆಳಕಿದ್ದರೆ ಸಾಕು ಎಂದು ನಗುತ್ತಾ ಹೇಳಿದರು. ಆದಾಯ ನಾಲ್ಕು ಕಡೆಯಿಂದ ಬರುತ್ತದೆ: ವಿಡಿಯೊ ತಾಣ ಕೊಡುವ ಜಾಹೀರಾತಿನ ಪಾಲು, ಕೆಲವು ಪೋಷಕರು ಕಟ್ಟುವ ತಿಂಗಳ ಚಂದಾ, ವಾರಕ್ಕೊಂದು ನೇರಪ್ರಸಾರದ ತರಗತಿಯ ಶುಲ್ಕ, ಮತ್ತು ಶ್ರವಣಸಾಧನ ಮಾರುವವರೊಬ್ಬರು ತಮ್ಮ ಹೆಸರು ಹೇಳಿದ್ದಕ್ಕೆ ಕೊಡುವ ಹಣ. ನಾನು ಪಟ್ಟಿ ತೆರೆದು ಓದಿದೆ. ಶಿಕ್ಷಣ, ಚಲನಚಿತ್ರ ಮತ್ತು ವಿಡಿಯೊ ತಯಾರಿಕೆ, ದೂರದರ್ಶನ ಪ್ರಸಾರ, ಜಾಹೀರಾತು, ವೆಬ್ ಪೋರ್ಟಲ್. ಒಂದೊಂದನ್ನು ಓದಿದಾಗಲೂ ಅವರು "ಸ್ವಲ್ಪ ಹೌದು" ಎಂದರು. ಕೊನೆಗೆ, "ಇದರಲ್ಲಿ ನಾನು ಯಾರು ಸರ್?" ಎಂದು ಕೇಳಿದರು.

ನನಗೆ ಉತ್ತರ ಹೊಳೆಯಲಿಲ್ಲ. 'ಬೇರೆಲ್ಲೂ ಸೇರದ ಇತರ ಮಾಹಿತಿ ಸೇವೆ' ಎಂದು ಬರೆದೆ. ನಿಮ್ಮ ಅಂತರರಾಷ್ಟ್ರೀಯ ವರ್ಗೀಕರಣದ ನಾಲ್ಕನೆಯ ಪರಿಷ್ಕರಣೆಯ ಪ್ರಕಾರ ಅದು 6399. ಆ ಸಂಖ್ಯೆಯೊಳಗೆ ಅವರ ನೆರೆಹೊರೆ ಯಾರೆಂದು ಆಮೇಲೆ ತೆಗೆದು ನೋಡಿದೆ: ದೂರವಾಣಿಯಲ್ಲಿ ಮಾಹಿತಿ ಹೇಳುವ ಸೇವೆ ಮತ್ತು ಪತ್ರಿಕೆಗಳಿಂದ ಸುದ್ದಿಯ ತುಣುಕು ಕತ್ತರಿಸಿಕೊಡುವ ಸೇವೆ. ಅರ್ಜಿ ಸ್ವೀಕಾರವಾಯಿತು, ಕೆಲಸ ಮುಗಿಯಿತು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಅಂದಿನಿಂದ ರಾತ್ರಿ ಊಟವಾದ ಮೇಲೆ ನಿಮ್ಮ ವರ್ಗೀಕರಣದ ಪುಸ್ತಕಗಳನ್ನು ಹಳೆಯದರಿಂದ ಹೊಸದರವರೆಗೆ ಓದುತ್ತಾ ಬಂದಿದ್ದೇನೆ. ಓದಿದಷ್ಟೂ ನಿಮ್ಮ ಬಗ್ಗೆ ಗೌರವ ಹೆಚ್ಚಿತು. ನನ್ನ ತಕರಾರೂ ಗಟ್ಟಿಯಾಯಿತು.

ಗೌರವ ಏಕೆಂದು ಮೊದಲು ಹೇಳುತ್ತೇನೆ. ಎಲ್ಲ ಆರ್ಥಿಕ ಚಟುವಟಿಕೆಗಳ ಅಂತರರಾಷ್ಟ್ರೀಯ ವರ್ಗೀಕರಣ 1948ರಲ್ಲಿ ಬಂತು. ಮನುಷ್ಯರು ಹೊಟ್ಟೆಪಾಡಿಗಾಗಿ ಮಾಡುವ ಕೆಲಸಗಳನ್ನೆಲ್ಲ ಒಂದೇ ಪುಸ್ತಕದಲ್ಲಿ ಅಚ್ಚುಕಟ್ಟಾಗಿ ಜೋಡಿಸುವುದು ಹುಡುಗಾಟದ ಮಾತಲ್ಲ. ಜೋಡಿಸಿದ್ದು ತಪ್ಪಾಗಿ ಕಂಡಾಗ ನೀವು ತಿದ್ದಿಕೊಂಡಿದ್ದೀರಿ ಎನ್ನುವುದು ಇನ್ನೂ ದೊಡ್ಡದು. ಮೂರನೆಯ ಪರಿಷ್ಕರಣೆಯವರೆಗೂ ಪುಸ್ತಕ ಪ್ರಕಾಶನ ಕಾರ್ಖಾನೆಗಳ ವಿಭಾಗದಲ್ಲಿತ್ತು, ಏಕೆಂದರೆ ಪುಸ್ತಕವೆಂದರೆ ಕಾಗದ ಮತ್ತು ಮಸಿ. ಗ್ರಾಮಫೋನ್ ತಟ್ಟೆ ಹೊರತರುವವರೂ ಕಾರ್ಖಾನೆಯವರೇ. ರೇಡಿಯೊ ಮತ್ತು ದೂರದರ್ಶನದ ಕಾರ್ಯಕ್ರಮಗಳು ಮನರಂಜನೆ ಮತ್ತು ಕ್ರೀಡೆಯ ವಿಭಾಗದಲ್ಲಿ, 9213ರ ಅಡಿಯಲ್ಲಿದ್ದವು. ಅವುಗಳನ್ನು ಗಾಳಿಯಲ್ಲಿ ಸಾಗಿಸುವವರು ದೂರಸಂಪರ್ಕದ ವಿಭಾಗದಲ್ಲಿದ್ದರು. ನಾಲ್ಕನೆಯ ಪರಿಷ್ಕರಣೆಯಲ್ಲಿ ಇವರನ್ನೆಲ್ಲ ಕರೆತಂದು 'ಮಾಹಿತಿ ಮತ್ತು ಸಂವಹನ' ಎಂಬ ಒಂದೇ ಸೂರಿನಡಿ ಕೂರಿಸಿದಿರಿ. ಓದುಗನ ಕೈಗೆ ಬರುವ ವಸ್ತು ಯಾವುದರಿಂದ ತಯಾರಾಗಿದೆ ಎಂದು ನೋಡುವುದನ್ನು ಬಿಟ್ಟು, ಒಳಗಿನ ಹೂರಣವೇನು ಎಂದು ನೋಡಿದಿರಿ. ನನ್ನ ಮಟ್ಟಿಗೆ ಅದು ಬಹಳ ಒಳ್ಳೆಯ ತಿದ್ದುಪಡಿ.

ಆದರೆ ಕಾಲ ನಿಮಗಾಗಿ ಕಾಯಲಿಲ್ಲ. ಆ ಪರಿಷ್ಕರಣೆಗೆ ಆಯೋಗದ ಒಪ್ಪಿಗೆ ಸಿಕ್ಕಿದ್ದು 2006ರ ಮಾರ್ಚ್‌ನಲ್ಲಿ. ಯೂಟ್ಯೂಬ್ ಆಗ ಒಂದು ವರ್ಷದ ಕೂಸು. ಟ್ವಿಟರ್ ಸಾರ್ವಜನಿಕರಿಗೆ ತೆರೆದದ್ದು ಅದೇ ವರ್ಷದ ಜುಲೈಯಲ್ಲಿ, ಫೇಸ್‌ಬುಕ್ ಎಲ್ಲರಿಗೂ ಬಾಗಿಲು ತೆರೆದದ್ದು ಸೆಪ್ಟೆಂಬರ್‌ನಲ್ಲಿ. ನೆಟ್‌ಫ್ಲಿಕ್ಸ್ ಅಂತರಜಾಲದಲ್ಲಿ ಸಿನಿಮಾ ಹರಿಸತೊಡಗಿದ್ದು 2007ರಲ್ಲಿ. ನೀವು ಕಡತ ಮುಚ್ಚಿದ ಮರುಗಳಿಗೆಯಲ್ಲೇ ಬಾಗಿಲ ಬಳಿ ಜನ ಸೇರಿದ ಹಾಗೆ! ಮುಂದಿನ ಪರಿಷ್ಕರಣೆ, ಅಂದರೆ ಐದನೆಯದು, ಅಂಗೀಕಾರವಾಗುವ ಹೊತ್ತಿಗೆ 2023 ಬಂದಿತ್ತು. ಆ ಹದಿನೇಳು ವರ್ಷ ಈ ಉದ್ಯಮಗಳು ಸಿಕ್ಕ ಸಿಕ್ಕ ಸಂಖ್ಯೆಯಲ್ಲಿ ಬಾಡಿಗೆಗಿದ್ದವು.

ಉತ್ತರ ಅಮೆರಿಕದ ಮೂರು ದೇಶಗಳು ಹಂಚಿಕೊಂಡಿರುವ ವರ್ಗೀಕರಣದಲ್ಲಿ ಈ ಪರದಾಟ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ, ಏಕೆಂದರೆ ಅದನ್ನು ಐದು ವರ್ಷಕ್ಕೊಮ್ಮೆ ತಿದ್ದುತ್ತಾರೆ. 2002ರಲ್ಲಿ 516 ಎಂಬ ಹೊಸ ಸಂಖ್ಯೆ ಹುಟ್ಟಿತು: ಅಂತರಜಾಲ ಪ್ರಕಾಶನ ಮತ್ತು ಪ್ರಸಾರ. ಮಾಮೂಲಿ ಪ್ರಸಾರಕ್ಕೆ 515 ಇತ್ತು, ಹೆಸರಿನಲ್ಲೇ 'ಅಂತರಜಾಲ ಹೊರತುಪಡಿಸಿ' ಎಂದು ಬರೆದಿತ್ತು. 2007ರಲ್ಲಿ 516 ಅಳಿಸಿಹೋಯಿತು. ಅದರ ಒಕ್ಕಲನ್ನು ಗೂಗಲ್‌ನಂಥ ಶೋಧ ಪೋರ್ಟಲ್‌ಗಳ ಜೊತೆ ಸೇರಿಸಿ 519130 ಎಂದರು. 2022ರಲ್ಲಿ 519130 ಒಡೆಯಿತು. ಅಂತರಜಾಲದಲ್ಲಿ ಪ್ರಕಟವಾಗುವ ಪತ್ರಿಕೆ, ಪುಸ್ತಕಗಳು ಮುದ್ರಿತ ಪತ್ರಿಕೆ, ಪುಸ್ತಕಗಳ ಮನೆಗೆ ಹೋದವು. ಶೋಧ ಪೋರ್ಟಲ್‌ಗಳು 519ರಲ್ಲೇ ಉಳಿದವು. ಸ್ಟ್ರೀಮಿಂಗ್ ಮತ್ತು ಸಾಮಾಜಿಕ ಜಾಲತಾಣಗಳು ಪ್ರಸಾರದ ಜೊತೆ ಸೇರಿದವು, ಮತ್ತು ಆ ಹೊಸ ಮನೆಗೆ ಕೊಟ್ಟ ಸಂಖ್ಯೆ ಮತ್ತೆ 516! ಇಪ್ಪತ್ತು ವರ್ಷಗಳ ಅಂತರದಲ್ಲಿ ಒಂದೇ ಸಂಖ್ಯೆಗೆ ಎರಡು ಅರ್ಥ. ಹಳೆಯ ಕೋಷ್ಟಕ ಮತ್ತು ಹೊಸ ಕೋಷ್ಟಕವನ್ನು ಅಕ್ಕಪಕ್ಕ ಇಟ್ಟು ಓದುವ ವಿದ್ಯಾರ್ಥಿ ಎಡವದೆ ಇರುತ್ತಾನೆಯೇ?

ಷೇರುಪೇಟೆಯವರು ತಮ್ಮದೇ ದಾರಿ ಹಿಡಿದರು. ಷೇರು ಸೂಚ್ಯಂಕಗಳನ್ನು ರೂಪಿಸುವ ಎಂಎಸ್‌ಸಿಐ ಮತ್ತು ಎಸ್ ಆ್ಯಂಡ್ ಪಿ ಸಂಸ್ಥೆಗಳು ಸೇರಿ ನಡೆಸುವ ವರ್ಗೀಕರಣದಲ್ಲಿ 2018ರ ಸೆಪ್ಟೆಂಬರ್‌ವರೆಗೆ ಗೂಗಲ್ಲಿನ ಮಾತೃಸಂಸ್ಥೆಯೂ ಫೇಸ್‌ಬುಕ್ಕೂ ಮಾಹಿತಿ ತಂತ್ರಜ್ಞಾನದಲ್ಲಿದ್ದವು; ನೆಟ್‌ಫ್ಲಿಕ್ಸ್ ಅಂತರಜಾಲದಲ್ಲಿ ಸರಕು ಮಾರುವವರ ಸಾಲಿನಲ್ಲಿತ್ತು. ಆಮೇಲೆ ಮೂವರನ್ನೂ 'ಸಂವಹನ ಸೇವೆ' ಎಂಬ ವಲಯಕ್ಕೆ ತಂದರು. ಅಲ್ಲಿ ಶೋಧವೂ ಸಾಮಾಜಿಕ ಜಾಲತಾಣವೂ ಒಂದೇ ಗುಂಪು, ಸ್ಟ್ರೀಮಿಂಗ್ ಬೇರೆ ಗುಂಪು. ಉತ್ತರ ಅಮೆರಿಕದ ಅಂಕಿಅಂಶದವರ ಪ್ರಕಾರ ಸ್ಟ್ರೀಮಿಂಗೂ ಸಾಮಾಜಿಕ ಜಾಲತಾಣವೂ ಒಂದು, ಶೋಧ ಬೇರೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಇನ್ನು ಅಮೆರಿಕದ ಷೇರು ನಿಯಂತ್ರಣ ಆಯೋಗ ಇಂದಿಗೂ 1937ರಲ್ಲಿ ಬೇರುಬಿಟ್ಟ ಹಳೆಯ ಸಂಖ್ಯೆಗಳನ್ನೇ ಬಳಸುತ್ತದೆ. ಅದರ ದಾಖಲೆಗಳಲ್ಲಿ ನೆಟ್‌ಫ್ಲಿಕ್ಸ್‌ಗೆ ಕೊಟ್ಟ ಸಂಖ್ಯೆ 7841: ವಿಡಿಯೊ ಟೇಪ್ ಬಾಡಿಗೆ. ಆ ಸಂಸ್ಥೆ ಅಂಚೆಯಲ್ಲಿ ಡಿವಿಡಿ ಕಳುಹಿಸುವುದನ್ನೂ 2023ರಲ್ಲಿ ನಿಲ್ಲಿಸಿತು.

ಇಷ್ಟರ ನಡುವೆ ಉತ್ತರ ಅಮೆರಿಕದವರ 2022ರ ಬದಲಾವಣೆಯನ್ನೂ ನಿಮ್ಮ ಐದನೆಯ ಪರಿಷ್ಕರಣೆಯನ್ನೂ ನಾನು ಮನಸಾರೆ ಸ್ವಾಗತಿಸುತ್ತೇನೆ. ಅಂತರಜಾಲವನ್ನು ನೀವು ಕೊನೆಗೂ ಒಂದು ದಾರಿ ಎಂದು ಒಪ್ಪಿಕೊಂಡಿರಿ. ಗೋಪುರದಿಂದ ಬಂದರೂ, ಉಪಗ್ರಹದಿಂದ ಬಂದರೂ, ನೆಲದಡಿಯ ತಂತಿಯಿಂದ ಬಂದರೂ ಸುದ್ದಿ ಸುದ್ದಿಯೇ, ಹಾಡು ಹಾಡೇ. ಐದನೆಯ ಪರಿಷ್ಕರಣೆಯಲ್ಲಿ ಪ್ರಕಾಶನ, ಪ್ರಸಾರ ಮತ್ತು ಕಂಟೆಂಟ್ ತಯಾರಿಕೆ, ವಿತರಣೆಗೆ ಒಂದು ಪ್ರತ್ಯೇಕ ವಿಭಾಗ ಸಿಕ್ಕಿತು; ದೂರಸಂಪರ್ಕ ಮತ್ತು ಕಂಪ್ಯೂಟರ್ ಕೆಲಸಗಳಿಗೆ ಇನ್ನೊಂದು. ಕಾಲುವೆಯನ್ನೂ ನೀರನ್ನೂ ಬೇರೆ ಬೇರೆಯಾಗಿ ಅಳೆಯುವ ಈ ಕ್ರಮ ಸರಿಯಾದದ್ದು.

ನನ್ನ ತಕರಾರು ಅದರ ಮುಂದಿನ ಹೆಜ್ಜೆಯದು. ಉತ್ತರ ಅಮೆರಿಕದ ಹೊಸ 516ರ ಒಳಗಿರುವ 516210ರ ಪೂರ್ತಿ ಹೆಸರನ್ನು ಒಮ್ಮೆ ಗಟ್ಟಿಯಾಗಿ ಓದಿ: ಮಾಧ್ಯಮ ಸ್ಟ್ರೀಮಿಂಗ್ ವಿತರಣಾ ಸೇವೆಗಳು, ಸಾಮಾಜಿಕ ಜಾಲತಾಣಗಳು ಮತ್ತು ಇತರ ಮಾಧ್ಯಮ ಜಾಲಗಳು ಹಾಗೂ ಕಂಟೆಂಟ್ ಒದಗಿಸುವವರು. ಒಂದೇ ಉಸಿರಿಗೆ ಹೇಳಲಾಗದ ಈ ಹೆಸರಿನೊಳಗೆ ದೂರದರ್ಶನದ ಜಾಲ ಇದೆ, ಚಂದಾ ವಾಹಿನಿ ಇದೆ, ಸಿನಿಮಾ ಹರಿಸುವವರಿದ್ದಾರೆ, ಕೋಟ್ಯಂತರ ಜನ ತಮ್ಮ ಮಗುವಿನ ಫೋಟೊ ಹಾಕುವ ತಾಣವೂ ಇದೆ. ಆರು ಅಂಕಿಗಳ ಸಂಖ್ಯೆಯೆಂದರೆ ಆ ವರ್ಗೀಕರಣದ ಅತ್ಯಂತ ಕೆಳಗಿನ ಮೆಟ್ಟಿಲು. ಅದಕ್ಕಿಂತ ಸಣ್ಣದಾಗಿ ಸೋಸುವ ಜರಡಿ ಅಲ್ಲಿಲ್ಲ.

ಆ ವರ್ಗೀಕರಣದ ಮೂಲ ಸೂತ್ರವನ್ನೇ ಹಿಡಿದು ಕೇಳುತ್ತೇನೆ. ಒಂದೇ ರೀತಿಯಲ್ಲಿ ಉತ್ಪಾದನೆ ಮಾಡುವವರನ್ನು ಒಟ್ಟಿಗೆ ಇಡಬೇಕು ಎನ್ನುವುದು ಆ ಸೂತ್ರ. ಸ್ಟ್ರೀಮಿಂಗ್ ಸಂಸ್ಥೆ ಏನು ಮಾಡುತ್ತದೆ? ಕಥೆ ಆರಿಸುತ್ತದೆ, ಚಿತ್ರ ತಯಾರಿಸುತ್ತದೆ ಅಥವಾ ಹಕ್ಕು ಕೊಳ್ಳುತ್ತದೆ, ಆ ಹಕ್ಕಿಗೆ ಹಣ ಕೊಡುತ್ತದೆ, ತನ್ನ ಕಪಾಟಿನಲ್ಲಿ ಏನಿದೆ ಎಂಬುದು ಅದಕ್ಕೆ ಗೊತ್ತಿರುತ್ತದೆ. ದೂರದರ್ಶನದ ಜಾಲ ಮಾಡುವುದೂ ಹೆಚ್ಚುಕಡಿಮೆ ಇದನ್ನೇ, ಗಡಿಯಾರದ ಮುಳ್ಳಿಗೆ ಹೊಂದಿಸಿಕೊಂಡು. ಇವರಿಬ್ಬರೂ ಒಂದೇ ಮನೆಯಲ್ಲಿರುವುದನ್ನು ನಾನು ಒಪ್ಪುತ್ತೇನೆ. ಸಾಮಾಜಿಕ ಜಾಲತಾಣ ಸಾಮಾನ್ಯವಾಗಿ ಬರಹವನ್ನು ಆರಿಸಿ ಕೊಳ್ಳುವುದಿಲ್ಲ. ಅಲ್ಲಿಗೆ ಬರುವುದನ್ನು ಬರೆಯುವವರು, ಚಿತ್ರಿಸುವವರು ಅದರ ನೌಕರರಲ್ಲ, ಗುತ್ತಿಗೆದಾರರೂ ಅಲ್ಲ. ಹೆಚ್ಚಿನವರಿಗೆ ಬಿಡಿಗಾಸೂ ಸಿಗುವುದಿಲ್ಲ. ಜಾಲತಾಣದ ದುಡಿಮೆ ಬೇರೆ ಕಡೆ ಇದೆ: ಯಾರಿಗೆ ಯಾವುದು ಮೊದಲು ಕಾಣಬೇಕೆಂದು ಜೋಡಿಸುವುದು, ಕೆಟ್ಟದ್ದನ್ನು ತೆಗೆಯುವುದು, ಜಾಹೀರಾತಿನ ಜಾಗವನ್ನು ಕ್ಷಣಕ್ಷಣವೂ ಹರಾಜು ಹಾಕುವುದು. ಅದು ಮಾರುವ ಸರಕು ನೋಡುಗರ ಗಮನ, ಕೊಳ್ಳುವವರು ಜಾಹೀರಾತುದಾರರು. ಇದು ಪ್ರಸಾರದ ಕಸುಬಿಗೆ ಹತ್ತಿರವೋ, ಸಂತೆಯ ಮೈದಾನಕ್ಕೆ ಸುಂಕ ವಸೂಲು ಮಾಡುವ ಕಸುಬಿಗೆ ಹತ್ತಿರವೋ ನೀವೇ ಹೇಳಿ.

ಒಟ್ಟಿಗೆ ಕಟ್ಟಿದ್ದರಿಂದ ಏನು ಕಳೆದುಹೋಗುತ್ತದೆ ಎಂದು ಒಂದು ಕಲ್ಪಿತ ಲೆಕ್ಕದಿಂದ ತೋರಿಸುತ್ತೇನೆ. ಒಂದು ವರ್ಷ ವಾಹಿನಿಗಳು ಸಾವಿರ ಜನ ಸಂಕಲನಕಾರರನ್ನು, ವರದಿಗಾರರನ್ನು ಮನೆಗೆ ಕಳುಹಿಸಿದವು. ಅದೇ ವರ್ಷ ಜಾಲತಾಣಗಳು ಸಾವಿರ ಎಂಜಿನಿಯರುಗಳನ್ನು ಸೇರಿಸಿಕೊಂಡವು ಎಂದುಕೊಳ್ಳಿ. 516210ರ ಸಾಲಿನಲ್ಲಿ ಉದ್ಯೋಗದ ಬದಲಾವಣೆ ಸೊನ್ನೆ. ಸರಾಸರಿ ಸಂಬಳ ಮಾತ್ರ ಏರಿರುತ್ತದೆ. ಆ ಸಾಲನ್ನು ಓದಿದವರು 'ಈ ಉದ್ಯಮದವರು ಸುಖವಾಗಿದ್ದಾರೆ' ಎಂದು ಟಿಪ್ಪಣಿ ಬರೆಯುತ್ತಾರೆ. ಕೆಲಸ ಕಳೆದುಕೊಂಡ ಸಾವಿರ ಮಂದಿ ಯಾವ ಕೋಷ್ಟಕದಲ್ಲೂ ಇಲ್ಲ. ಇನ್ನು ಕೆಟ್ಟ ಚಿತ್ರಗಳನ್ನು ದಿನವಿಡೀ ನೋಡಿ ನೋಡಿ ತೆಗೆಯುವವರ ಕಥೆ ಇನ್ನೂ ಮರೆಯಲ್ಲಿದೆ. ಅವರಲ್ಲಿ ಬಹಳ ಮಂದಿ ಹೊರಗುತ್ತಿಗೆ ಸಂಸ್ಥೆಗಳ ನೌಕರರು. ಆ ಸಂಸ್ಥೆಗಳ ಸಂಖ್ಯೆಯೇ ಬೇರೆ. ಜಾಲತಾಣದ ಅತಿ ಕಠಿಣ ಕೆಲಸ ಮಾಡುವವರು ಜಾಲತಾಣದ ಉದ್ಯಮದಲ್ಲಿ ಲೆಕ್ಕಕ್ಕೇ ಸಿಗುವುದಿಲ್ಲ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಇದು.

'ಇದು ಅಂಕಿಅಂಶಕ್ಕಾಗಿ ಮಾತ್ರ ಮಾಡಿದ ವಿಂಗಡಣೆ, ಕಾನೂನಿಗಾಗಿ ಅಲ್ಲ' ಎಂದು ನೀವು ಹೇಳಬಹುದು. ನಿಮ್ಮ ಉದ್ದೇಶ ಅದೇ ಎಂದು ಬಲ್ಲೆ. ಆದರೆ ಸಂಖ್ಯೆ ನಿಮ್ಮ ಕೈಬಿಟ್ಟ ಮೇಲೆ ಬೇರೆಯವರ ಕೈ ಸೇರುತ್ತದೆ. ಸಾಂಕ್ರಾಮಿಕದ ಕಾಲದಲ್ಲಿ ಅಮೆರಿಕ ಕೊಟ್ಟ ಎರಡನೆಯ ಸುತ್ತಿನ ವೇತನ ರಕ್ಷಣಾ ಸಾಲದಲ್ಲಿ, 72ರಿಂದ ಆರಂಭವಾಗುವ ಸಂಖ್ಯೆಯ ವಸತಿ ಮತ್ತು ಉಪಾಹಾರ ಸಂಸ್ಥೆಗಳಿಗೆ ತಿಂಗಳ ಸರಾಸರಿ ಸಂಬಳದ ಮೂರೂವರೆ ಪಟ್ಟು ಸಾಲ ಸಿಕ್ಕಿತು. ಉಳಿದವರಿಗೆ ಎರಡೂವರೆ ಪಟ್ಟು. ಎರಡು ಅಂಕಿಗಳು ಒಂದು ಸಂಸ್ಥೆ ಎಷ್ಟು ದಿನ ಬಾಗಿಲು ತೆರೆದಿರಬಲ್ಲದು ಎಂಬುದನ್ನು ತೀರ್ಮಾನಿಸಿದವು. ನನ್ನ ಮೇಜಿನ ಮುಂದೆ ಕೂರುವವರಿಗೂ ಸಾಲ ಕೊಡುವವರು ಮೊದಲು ನೋಡುವುದು ಆ ಅಂಕಣವನ್ನೇ.

ಇನ್ನೊಂದು ವಾದವೂ ನನಗೆ ಗೊತ್ತಿದೆ, ಅದು ಹೆಚ್ಚು ತೂಕದ್ದು. ಈಗ ಎಲ್ಲರೂ ಎಲ್ಲವನ್ನೂ ಮಾಡುತ್ತಿದ್ದಾರೆ. ಜಾಲತಾಣದಲ್ಲಿ ಧಾರಾವಾಹಿ ಬರುತ್ತದೆ, ವಿಡಿಯೊ ತಾಣ ಸಿನಿಮಾ ಬಾಡಿಗೆಗೆ ಕೊಡುತ್ತದೆ, ಚಂದಾದಿಂದ ಬದುಕುತ್ತಿದ್ದ ನೆಟ್‌ಫ್ಲಿಕ್ಸ್ 2022ರ ನವೆಂಬರ್‌ನಿಂದ ಜಾಹೀರಾತನ್ನೂ ತೋರಿಸುತ್ತಿದೆ. ಗೆರೆ ಎಲ್ಲಿ ಎಳೆಯುವುದು? ಗೆರೆ ಎಳೆಯುವ ವಿಧಾನ ನಿಮ್ಮ ಪುಸ್ತಕದಲ್ಲೇ ಇದೆ. ಹಲವು ಕೆಲಸ ಮಾಡುವ ಘಟಕವನ್ನು, ಯಾವ ಕೆಲಸದಿಂದ ಹೆಚ್ಚು ಮೌಲ್ಯ ಸೇರುತ್ತದೆಯೋ ಆ ಕೆಲಸದಡಿ ಬರೆಯಬೇಕು. ಹಾಲು ಕರೆದು ಬೆಣ್ಣೆಯನ್ನೂ ಮಾರುವವರ ವಿಷಯದಲ್ಲಿ ಪಾಲಿಸಿಕೊಂಡು ಬಂದ ನಿಯಮ ಇವರಿಗೂ ಅನ್ವಯವಾಗುತ್ತದೆ. ಆದಾಯ ಎಲ್ಲಿಂದ ಬರುತ್ತದೆ, ತೋರಿಸಿದ್ದರ ಹಕ್ಕಿಗೆ ಯಾರು ಹಣ ಕೊಟ್ಟರು ಎಂಬ ಎರಡು ಪ್ರಶ್ನೆ ಕೇಳಿದರೆ ಹೆಚ್ಚಿನ ಸಂಸ್ಥೆಗಳು ತಾವಾಗಿಯೇ ಒಂದು ಬದಿಗೆ ಬಂದು ನಿಲ್ಲುತ್ತವೆ. ಗಡಿಯಲ್ಲಿ ಕೆಲವು ಉಳಿಯುತ್ತವೆ, ನಿಜ. ಯಾವ ವರ್ಗೀಕರಣದಲ್ಲಿ ಉಳಿದಿಲ್ಲ?

ಸಂಸ್ಥೆಗಳು ಬೆರಳೆಣಿಕೆಯಷ್ಟಿರುವ ಚಿಕ್ಕ ದೇಶಗಳಲ್ಲಿ ಸಣ್ಣ ವರ್ಗ ಮಾಡಿದರೆ ಒಬ್ಬೊಬ್ಬರ ಲೆಕ್ಕವೂ ಬಯಲಾಗುತ್ತದೆ, ಗೋಪ್ಯತೆಯ ನಿಯಮದಿಂದ ಅಂಕಿ ಪ್ರಕಟಿಸಲಾಗುವುದಿಲ್ಲ ಎನ್ನುವುದು ನಿಜವಾದ ಕಷ್ಟ. ಅದಕ್ಕೆ ನನ್ನ ಉತ್ತರ ಲೆಕ್ಕದ ಪುಸ್ತಕ ಬರೆಯುವವನ ಉತ್ತರ: ಬೇರೆ ಬೇರೆ ಬರೆದಿಟ್ಟದ್ದನ್ನು ಪ್ರಕಟಿಸುವಾಗ ಕೂಡಿಸಬಹುದು. ಕೂಡಿಸಿ ಬರೆದಿಟ್ಟದ್ದನ್ನು ಹತ್ತು ವರ್ಷಗಳ ಮೇಲೆ ಬಿಡಿಸಲು ದೇವರಿಂದಲೂ ಆಗದು.

ತಡ ಮಾಡಬಾರದು ಎನ್ನಲು ಮತ್ತೊಂದು ಕಾರಣವಿದೆ. 2025ರ ಮಾರ್ಚ್‌ನಲ್ಲಿ ನಿಮ್ಮ ಆಯೋಗವೇ ರಾಷ್ಟ್ರೀಯ ಲೆಕ್ಕಪತ್ರಗಳ ಹೊಸ ಪದ್ಧತಿಯನ್ನು ಅಂಗೀಕರಿಸಿತು. ಅದರಲ್ಲಿ ದತ್ತಾಂಶವನ್ನು ಉತ್ಪಾದಿತ ಆಸ್ತಿ ಎಂದು ಪರಿಗಣಿಸಲಾಗಿದೆ. ಬಹಳ ದೊಡ್ಡ ಹೆಜ್ಜೆ ಅದು. ಇನ್ನು ಮುಂದೆ ದೇಶಗಳು ದತ್ತಾಂಶದ ಬೆಲೆಯನ್ನು ತಮ್ಮ ಲೆಕ್ಕದಲ್ಲಿ ಬರೆಯತೊಡಗುತ್ತವೆ. ಆ ಆಸ್ತಿ ಯಾವ ಉದ್ಯಮದ ಕೈಯಲ್ಲಿದೆ ಎಂದು ಕೇಳಿದಾಗ, ನೋಡುಗರ ದತ್ತಾಂಶವೇ ಜೀವಾಳವಾದ ಜಾಲತಾಣವನ್ನೂ, ಸಿನಿಮಾದ ಹಕ್ಕುಗಳೇ ಜೀವಾಳವಾದ ಸ್ಟ್ರೀಮಿಂಗ್ ಸಂಸ್ಥೆಯನ್ನೂ ಒಂದೇ ಸಾಲಿನಲ್ಲಿ ತೋರಿಸಿದರೆ ಹೊಸ ಪದ್ಧತಿಯ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಹಾಗಾದರೆ ನಾನು ಕೇಳುವುದೇನು? ಅಂತರರಾಷ್ಟ್ರೀಯ ಪುಸ್ತಕವನ್ನು ಈಗಲೇ ಮತ್ತೆ ತೆರೆಯಿರಿ ಎನ್ನುವುದಿಲ್ಲ; ಅದು ನಾಳೆ ಬೆಳಿಗ್ಗೆ ಆಗುವ ಕೆಲಸವಲ್ಲ. ಆದರೆ ಅದರ ನಾಲ್ಕು ಅಂಕಿಗಳ ಸಂಖ್ಯೆಯ ಕೆಳಗೆ ಐದನೆಯ ಅಂಕಿಯನ್ನು ಸೇರಿಸಿಕೊಳ್ಳುವ ಸ್ವಾತಂತ್ರ್ಯ ಪ್ರತಿಯೊಂದು ದೇಶಕ್ಕೂ ಇದೆ. ತಮ್ಮ ಆವೃತ್ತಿಯನ್ನು ಐದನೆಯ ಪರಿಷ್ಕರಣೆಗೆ ಹೊಂದಿಸುವ ದೇಶಗಳು, ಆ ಅಂಕಿಯಲ್ಲಿ ಸಾಮಾಜಿಕ ಜಾಲತಾಣಕ್ಕೆ ತನ್ನದೇ ಆದ ಮನೆ ಕೊಡಲಿ. ಉತ್ತರ ಅಮೆರಿಕದವರು ತಮ್ಮ ಮುಂದಿನ ಸರದಿಯಲ್ಲಿ 516210ನ್ನು ಒಡೆಯಲಿ. ಸಂಖ್ಯೆ ಬದಲಾಯಿಸುವಾಗ ಹಳೆಯದರಲ್ಲೂ ಹೊಸದರಲ್ಲೂ ಕೆಲವು ವರ್ಷಗಳ ಕಾಲ ಜೊತೆಜೊತೆಗೆ ಎಣಿಸಿ ಪ್ರಕಟಿಸಲಿ. ಹಾಗೆ ಮಾಡಿದರೆ ಹಿಂದಿನ ಸರಣಿ ತುಂಡಾಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಸಂಜ್ಞಾಭಾಷೆ ಕಲಿಸುವ ಆ ಮಹಿಳೆಯಂಥವರಿಗೆ ಒಂದು ಹೆಸರು ಕೊಡಿ. ಸ್ವಂತವಾಗಿ ಕಂಟೆಂಟ್ ತಯಾರಿಸಿ ಇನ್ನೊಬ್ಬರ ತಾಣದ ಮೂಲಕ ಜನರಿಗೆ ತಲುಪಿಸುವ ವ್ಯಕ್ತಿಗಳು ಎಂಬ ಒಂದು ಸಾಲು ಸಾಕು. ಅವರನ್ನು ತಾಣದ ಮಾಲೀಕರ ಜೊತೆಗೂ ಸೇರಿಸಬೇಡಿ, ಜಾಹೀರಾತಿನವರ ಜೊತೆಗೂ ತಳ್ಳಬೇಡಿ. ತಾಣದ ನಿಯಮ ಒಂದು ರಾತ್ರಿಯಲ್ಲಿ ಬದಲಾದರೆ ಅವರ ಆ ತಿಂಗಳ ಆದಾಯ ಅರ್ಧವಾಗಬಹುದು. ಎಷ್ಟು ಜನರಿಗೆ ಹಾಗಾಯಿತು ಎಂದು ಎಣಿಸಬೇಕಾದರೆ ಮೊದಲು ಅವರು ಒಂದು ಕಡೆ ಇರಬೇಕು.

ನಮ್ಮ ಕಚೇರಿಯಲ್ಲಿ 'ಇತರ' ಎಂದು ಬರೆದ ಇಂಥ ಅರ್ಜಿಗಳ ಪ್ರತಿಗಳನ್ನು ನಾನು ಬೇರೆ ಕಡತದಲ್ಲಿ ಇಡುತ್ತಾ ಬಂದಿದ್ದೇನೆ. ಒಬ್ಬರು ಓದಲು ಬಾರದವರಿಗಾಗಿ ಪುಸ್ತಕ ಓದಿ ಧ್ವನಿಮುದ್ರಿಸುತ್ತಾರೆ, ಒಬ್ಬರು ಚದುರಂಗದ ಆಟಗಳನ್ನು ನೇರಪ್ರಸಾರದಲ್ಲಿ ವಿವರಿಸುತ್ತಾರೆ, ಒಬ್ಬರು ಕೈಗಡಿಯಾರ ಬಿಚ್ಚಿ ರಿಪೇರಿ ಮಾಡುವುದನ್ನು ತೋರಿಸುತ್ತಾರೆ. ಯಾರ ಆದಾಯ ಎಲ್ಲಿಂದ ಎಷ್ಟು ಪಾಲು ಬರುತ್ತದೆ ಎಂಬ ವಿವರ ಅವುಗಳಲ್ಲಿದೆ. ಹೊಸ ವರ್ಗದ ವ್ಯಾಖ್ಯಾನ ಬರೆಯಲು ಕುಳಿತಾಗ ನಿಮಗೆ ಉಪಯೋಗವಾಗಬಹುದು. ಅರ್ಜಿದಾರರ ಒಪ್ಪಿಗೆ ಪಡೆದು, ಹೆಸರು ವಿಳಾಸ ತೆಗೆದು, ನೀವು ಕೇಳಿದ ದಿನವೇ ಕಳುಹಿಸಿಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಅರ್ಜಿ ತುಂಬುವ ಒಬ್ಬ ಗುಮಾಸ್ತ